ದೀಪ ಬೆಂಗಳೂರಿನಲ್ಲಿ, ಹೊಗೆ ಶಕ್ತಿನಗರದಲ್ಲಿ

ಯಾದಗಿರಿಯಲ್ಲಿ ಬೆಂಗಳೂರಿನ ರಾತ್ರಿ ರೈಲು ಹತ್ತಿದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಸೈದಾಪುರ ದಾಟಿ ಸ್ವಲ್ಪ ಹೊತ್ತಿಗೆ ರೈಲು ಕೃಷ್ಣಾ ನದಿಯ ಸೇತುವೆಗೆ ಬರುತ್ತದೆ. ಗಾಲಿಗಳ ಸದ್ದು ಬದಲಾಗುತ್ತದೆ. ಕೆಲವರು ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿಯುತ್ತಾರೆ. ಅದೇ ಹೊತ್ತಿಗೆ ಆಚೆ ದಡದ ಕತ್ತಲಲ್ಲಿ ಶಕ್ತಿನಗರದ ಚಿಮಣಿಗಳ ಕೆಂಪು ದೀಪಗಳು ಕಾಣಿಸುತ್ತವೆ.

ಅದು ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕಗಳು, ಒಟ್ಟು 1,720 ಮೆಗಾವಾಟ್. ಸ್ವಲ್ಪ ಮುಂದೆ ಯರಮರಸ್‌ನಲ್ಲಿ ಇನ್ನೂ 1,600 ಮೆಗಾವಾಟ್. ಎರಡರಲ್ಲೂ ಉರಿಯುವುದು ಕಲ್ಲಿದ್ದಲು.

ಬೆಳಗಾಗುವ ಹೊತ್ತಿಗೆ ಅದೇ ರೈಲು ಯಲಹಂಕ ದಾಟುತ್ತದೆ. ಅಲ್ಲಿ ಇನ್ನೊಂದು ವಿದ್ಯುತ್ ಸ್ಥಾವರವಿದೆ. ಅದರಲ್ಲಿ ಉರಿಯುವುದು ಕಲ್ಲಿದ್ದಲಲ್ಲ, ನೈಸರ್ಗಿಕ ಅನಿಲ. ಅಲ್ಲಿಂದ ಮುಂದೆ ಗಾಜಿನ ಕಟ್ಟಡಗಳ ನಗರ.

ಈ ರೈಲಿನ ಜನರಲ್ ಬೋಗಿಯಲ್ಲಿ ಪಾತ್ರೆ, ಹಾಸಿಗೆ, ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೊರಟ ನಮ್ಮ ಸಗರನಾಡಿನ ಜನ ಇರುತ್ತಾರೆ. ಶಹಾಪುರ, ಸುರಪುರ, ಯಾದಗಿರಿಯ ಹಳ್ಳಿಗಳಿಂದ ಹೋಗಿ ಆ ಕಟ್ಟಡಗಳಿಗೆ ಇಟ್ಟಿಗೆ, ಕಾಂಕ್ರೀಟ್ ಹೊರುವವರು ಇವರೇ. ಅಂದರೆ ಬೆಂಗಳೂರಿನ ದೊಡ್ಡ ಕಟ್ಟಡಗಳಿಗೂ ನಮಗೂ ಎರಡು ಸಂಬಂಧ. ಕಟ್ಟುವ ಕೈ ನಮ್ಮ ಕಡೆಯದು, ಅವುಗಳಿಗಾಗಿ ಏಳುವ ಹೊಗೆಯೂ ನಮ್ಮ ಕಡೆಯದು. ಹೀಗಾಗಿ 'ನಗರದ ಕಟ್ಟಡಗಳ ಇಂಗಾಲ' ಎಂಬ ವಿಷಯ ಬೆಂಗಳೂರಿನವರಿಗೆ ಮಾತ್ರ ಸೇರಿದ್ದು ಎಂದು ನನಗೆ ಅನಿಸುವುದಿಲ್ಲ.

ಕ್ಯಾಂಟೀನ್‌ನ ಫಲಕ

ಹೋದ ವರ್ಷ ಬಿ.ಇ. ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿನ ಹೊರ ವರ್ತುಲ ರಸ್ತೆಯ ಒಂದು ಕಚೇರಿ ಕಟ್ಟಡದಲ್ಲಿ ಕೆಲವು ವಾರ ಇದ್ದೆ. ಕಟ್ಟಡ ನಿರ್ವಹಣೆಯ ತಂಡದ ಹಿಂದೆ ಓಡಾಡುವುದು ನನ್ನ ಕೆಲಸ. ನೆಲಮಾಳಿಗೆಯಲ್ಲಿ ಲಾರಿಯಷ್ಟು ದೊಡ್ಡ ಡೀಸೆಲ್ ಜನರೇಟರ್‌ಗಳು, ಛಾವಣಿಯ ಮೇಲೆ ಕೂಲಿಂಗ್ ಟವರ್‌ಗಳು, ಮಧ್ಯೆ ಹತ್ತು ಮಹಡಿ ಗಾಜು.

ಕ್ಯಾಂಟೀನ್ ಬಾಗಿಲಲ್ಲಿ ಒಂದು ಹಸಿರು ಫಲಕ ತೂಗುತ್ತಿತ್ತು. 'ನಾವು ಶುದ್ಧ ಇಂಧನಕ್ಕೆ ಬದಲಾಗಿದ್ದೇವೆ' ಎಂಬ ಅರ್ಥದ ಮಾತು ಅದರಲ್ಲಿತ್ತು. ಅಡುಗೆಮನೆಯಲ್ಲಿ ಸಿಲಿಂಡರ್ ತೆಗೆದು ಕೊಳವೆ ಅನಿಲ ಹಾಕಿಸಿದ್ದರು. ಒಳ್ಳೆಯದೇ. ಆದರೆ ಆರನೇ ಮಹಡಿಗೆ ಹೋದರೆ ಏಪ್ರಿಲ್ ತಿಂಗಳಲ್ಲಿ ಜನ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಹವಾನಿಯಂತ್ರಣ 21 ಡಿಗ್ರಿಯಲ್ಲಿತ್ತು. ಪಶ್ಚಿಮದ ಗಾಜಿನಿಂದ ಸಂಜೆಯ ಬಿಸಿಲು ನೇರ ಒಳಗೆ ಬೀಳುತ್ತಿದ್ದುದರಿಂದ ಪರದೆ ಎಳೆದು, ಹಗಲಲ್ಲೇ ಎಲ್ಲ ದೀಪ ಹಚ್ಚಿದ್ದರು.

ಆ ದಿನ ರೂಮಿಗೆ ಬಂದು ಲೆಕ್ಕ ಹಾಕಿದೆ. ಅಷ್ಟೇ ಶಾಖಕ್ಕೆ ಅಡುಗೆ ಅನಿಲದ ಸಿಲಿಂಡರ್‌ಗಿಂತ ನೈಸರ್ಗಿಕ ಅನಿಲ ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಕಡಿಮೆ. ಇಂಥ ಕಟ್ಟಡದ ಒಟ್ಟು ಶಕ್ತಿಯಲ್ಲಿ ಅಡುಗೆಮನೆಯ ಪಾಲೇ ಸಣ್ಣದು. ಸಣ್ಣ ಪಾಲಿನಲ್ಲಿ ಹತ್ತನೇ ಒಂದು ಭಾಗ ಉಳಿಸಿದ್ದಕ್ಕೆ ಫಲಕ. ದೊಡ್ಡ ಪಾಲು ತಿನ್ನುವ ತಂಪು ಯಂತ್ರದ ಬಗ್ಗೆ ಒಂದು ಸಾಲೂ ಇಲ್ಲ.

ಅನಿಲ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ಹೊಳೆದದ್ದು ಆಗ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅನಿಲಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ.

ಅನಿಲದ ಪರ ಇರುವ ಲೆಕ್ಕ

ನೈಸರ್ಗಿಕ ಅನಿಲ ಎಂದರೆ ಬಹುಪಾಲು ಮೀಥೇನ್. ಒಂದು ಇಂಗಾಲ, ನಾಲ್ಕು ಜಲಜನಕ. ಜಲಜನಕ ಹೆಚ್ಚಿರುವುದರಿಂದ ಅದೇ ಶಾಖಕ್ಕೆ ಕಲ್ಲಿದ್ದಲಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬೂದಿ ಇಲ್ಲ, ಗಂಧಕದ ಹೊಗೆ ಇಲ್ಲ ಎನ್ನುವಷ್ಟು ಕಡಿಮೆ.

ವಿದ್ಯುತ್ ಮಾಡುವಾಗ ಅಂತರ ಇನ್ನೂ ಹಿಗ್ಗುತ್ತದೆ. ಯಲಹಂಕದ ಉದಾಹರಣೆ ನೋಡಿ. ಕರ್ನಾಟಕ ವಿದ್ಯುತ್ ನಿಗಮ ಮೊದಲು ಅಲ್ಲಿ ಡೀಸೆಲ್ ಸ್ಥಾವರ ನಡೆಸುತ್ತಿತ್ತು. ಅದು ನಿಂತ ಜಾಗದಲ್ಲೇ 370 ಮೆಗಾವಾಟ್‌ನ ಅನಿಲ ಸ್ಥಾವರ ಎದ್ದು, 2024ರಲ್ಲಿ ಉದ್ಘಾಟನೆಯಾಯಿತು. ಮೊದಲು ಅನಿಲ ಉರಿದು ಒಂದು ಟರ್ಬೈನ್ ತಿರುಗಿಸುತ್ತದೆ. ಅದರಿಂದ ಸುಮಾರು 236 ಮೆಗಾವಾಟ್. ಅಲ್ಲಿಂದ ಹೊರಬೀಳುವ ಬಿಸಿ ಗಾಳಿಯನ್ನು ಆಕಾಶಕ್ಕೆ ಬಿಡದೆ, ಅದರಿಂದ ನೀರು ಕಾಯಿಸಿ ಉಗಿ ಮಾಡಿ ಎರಡನೇ ಟರ್ಬೈನ್ ತಿರುಗಿಸುತ್ತಾರೆ. ಅದರಿಂದ ಸುಮಾರು 133 ಮೆಗಾವಾಟ್. ಎರಡನೆಯದಕ್ಕೆ ಬೇರೆ ಇಂಧನ ಬೇಕಿಲ್ಲ. ಒಂದೇ ಒಲೆಯಲ್ಲಿ ರೊಟ್ಟಿ ಬೇಯಿಸಿ, ಉಳಿದ ಕೆಂಡದಲ್ಲಿ ನೀರು ಕಾಯಿಸಿಕೊಂಡ ಹಾಗೆ.

ಹಳೆಯ ಕಲ್ಲಿದ್ದಲು ಘಟಕ ಇಂಧನದ ಶಾಖದ ಮೂರನೇ ಒಂದು ಭಾಗವನ್ನಷ್ಟೇ ವಿದ್ಯುತ್ ಮಾಡಿದರೆ, ಇಂಥ ಜೋಡಿ ಸ್ಥಾವರ ಅರ್ಧ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಮಾಡುತ್ತದೆ. ಹೀಗಾಗಿ ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಸುಮಾರು 0.95 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಂದರೆ, ಅನಿಲದಿಂದ 0.4 ಕೆ.ಜಿ. ಆಸುಪಾಸು.

ಲೆಕ್ಕಕ್ಕೆಂದು ದಿನಕ್ಕೆ 10,000 ಯೂನಿಟ್ ಬಳಸುವ ಒಂದು ಕಟ್ಟಡ ಇದೆ ಎಂದುಕೊಳ್ಳಿ. ಪೂರ್ತಿ ಕಲ್ಲಿದ್ದಲಿನ ವಿದ್ಯುತ್ ಆದರೆ ಅದಕ್ಕಾಗಿ ದಿನಕ್ಕೆ ಸುಮಾರು 7 ಟನ್ ಕಲ್ಲಿದ್ದಲು ಸುಡಬೇಕು. ಇಂಗಾಲದ ಡೈಆಕ್ಸೈಡ್ ಒಂಬತ್ತೂವರೆ ಟನ್. ಅದೇ ವಿದ್ಯುತ್ ಅನಿಲದಿಂದ ಬಂದರೆ ನಾಲ್ಕು ಟನ್. ನಿಜದಲ್ಲಿ ನಮ್ಮ ರಾಜ್ಯದ ಗ್ರಿಡ್‌ಗೆ ಜಲವಿದ್ಯುತ್, ಗಾಳಿ, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂಥವೂ ಸೇರುವುದರಿಂದ ಮೊತ್ತ ಒಂಬತ್ತೂವರೆ ಟನ್‌ಗಿಂತ ಕಡಿಮೆ. ಆದರೆ ಸೂರ್ಯ ಮುಳುಗಿದ ಮೇಲೆ, ಬೇಸಿಗೆಯಲ್ಲಿ ಜಲಾಶಯ ಬರಿದಾದ ಮೇಲೆ ಭಾರ ಬೀಳುವುದು ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡತಿನಿಯ ಮೇಲೆಯೇ.

ಇನ್ನೊಂದು ಕಡೆಯೂ ಅನಿಲಕ್ಕೆ ಕೆಲಸವಿದೆ. ಅದು ಆ ನೆಲಮಾಳಿಗೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಸಿಗುವ ವಿದ್ಯುತ್ ಮೂರು, ಮೂರೂವರೆ ಯೂನಿಟ್. ಜೊತೆಗೆ ಮಸಿ, ಸಾರಜನಕದ ಆಕ್ಸೈಡ್‌ಗಳು, ಅದೂ ಜನ ಉಸಿರಾಡುವ ಮಟ್ಟದಲ್ಲೇ. ದೆಹಲಿ ಸುತ್ತಮುತ್ತ ಚಳಿಗಾಲದ ಹೊಗೆಯ ಕಾಟದಿಂದಾಗಿ ಡೀಸೆಲ್ ಜನರೇಟರ್‌ಗಳನ್ನು ಶೇ 70ರಷ್ಟು ಅನಿಲದಲ್ಲಿ ಓಡುವಂತೆ ಬದಲಾಯಿಸಬೇಕೆಂಬ ನಿಯಮವನ್ನೇ ತಂದರು. ದೆಹಲಿಯ ಏಮ್ಸ್‌ಗೆ ಸೇರಿದ ಅಪಘಾತ ಚಿಕಿತ್ಸಾ ಕೇಂದ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನಿಲ ಎಂಜಿನ್‌ನಿಂದ ವಿದ್ಯುತ್ ಪಡೆದು, ಅದರ ವ್ಯರ್ಥ ಶಾಖದಿಂದಲೇ ತಂಪು ಮಾಡುವ ವ್ಯವಸ್ಥೆ ಅಳವಡಿಸಿದರು. ಇಪ್ಪತ್ತನಾಲ್ಕು ಗಂಟೆಯೂ ವಿದ್ಯುತ್, ತಂಪು, ಬಿಸಿನೀರು ಮೂರೂ ಬೇಕಾದ ಆಸ್ಪತ್ರೆಗೆ ಇದು ಹೇಳಿ ಮಾಡಿಸಿದ್ದು.

ಬೆಂಗಳೂರಿಗೆ ಅನಿಲ ಬರುವ ದಾರಿಯೂ ಸಿದ್ಧವಿದೆ. ಮಹಾರಾಷ್ಟ್ರದ ದಾಭೋಲ್‌ನಿಂದ ಗೇಲ್ ಸಂಸ್ಥೆ ಹಾಕಿದ ಕೊಳವೆ ಮಾರ್ಗ 2013ರಲ್ಲೇ ಶುರುವಾಗಿದೆ. ದೇಶದ ಶಕ್ತಿಯಲ್ಲಿ ಅನಿಲದ ಪಾಲನ್ನು 2030ರ ಹೊತ್ತಿಗೆ ಶೇ 15ಕ್ಕೆ ಏರಿಸುವುದು ಕೇಂದ್ರ ಸರ್ಕಾರದ ಗುರಿ.

ಸೋರಿದರೆ ಏನು?

ಇಷ್ಟೇ ಆಗಿದ್ದರೆ ಲೇಖನ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಲೆಕ್ಕದ ಇನ್ನೊಂದು ಪುಟ ಇದೆ.

ಪಿಯುಸಿಯ ರಸಾಯನ ವಿಜ್ಞಾನ ನೆನಪಿಸಿಕೊಳ್ಳಿ. 16 ಗ್ರಾಂ ಮೀಥೇನ್ ಉರಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್. ಅಂದರೆ 100 ಕೆ.ಜಿ. ಅನಿಲ ಉರಿಸಿದರೆ 275 ಕೆ.ಜಿ. ಆದರೆ ಉರಿಯದೇ ಸೋರಿಹೋದ ಮೀಥೇನ್ ಇನ್ನೂ ಅಪಾಯಕಾರಿ. 20 ವರ್ಷಗಳ ಅವಧಿಯಲ್ಲಿ ನೋಡಿದರೆ ಒಂದು ಕೆ.ಜಿ. ಮೀಥೇನ್ ಸುಮಾರು 80 ಕೆ.ಜಿ. ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಈಗ 100 ಕೆ.ಜಿ. ಉರಿಸುವಷ್ಟರಲ್ಲಿ ಬಾವಿ, ಹಡಗು, ಕೊಳವೆ, ವಾಲ್ವ್ ಎಲ್ಲ ಸೇರಿ ದಾರಿಯಲ್ಲಿ ಬರೀ 3 ಕೆ.ಜಿ. ಸೋರಿತು ಎಂದುಕೊಳ್ಳಿ. 3 ಗುಣಿಸು 80, 240 ಕೆ.ಜಿ. ಉರಿಸಿದ್ದರಿಂದ ಬಂದ 275ಕ್ಕೆ ಇದು ಸೇರಿದರೆ ಮೊತ್ತ ಹತ್ತಿರ ಹತ್ತಿರ ಇಮ್ಮಡಿ. ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲು ಬಿಡುವುದು ಸುಮಾರು 660 ಕೆ.ಜಿ. 5 ಕೆ.ಜಿ. ಸೋರಿದರೆ ಅನಿಲದ ಮೊತ್ತ 675 ಆಗುತ್ತದೆ! 100 ವರ್ಷಗಳ ಲೆಕ್ಕ ಹಿಡಿದರೆ ಮೀಥೇನ್‌ನ ಪ್ರಭಾವ 30 ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ, ಅನಿಲದ ಸ್ಥಿತಿ ಉತ್ತಮವಾಗುತ್ತದೆ. ಆದರೆ ನನ್ನ ವಯಸ್ಸು ಇಪ್ಪತ್ತು. ಮುಂದಿನ 20 ವರ್ಷವೇ ನನಗೆ ಮುಖ್ಯ.

ಭಾರತ ಬಳಸುವ ಅನಿಲದಲ್ಲಿ ಅರ್ಧದಷ್ಟು ಹೊರದೇಶದಿಂದ ಬರುತ್ತದೆ. ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿ ಹಡಗಿನಲ್ಲಿ ತರಬೇಕು. ಹಾಗೆ ತಣಿಸುವುದಕ್ಕೂ ಶಕ್ತಿ ಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬೆಲೆ ಎಷ್ಟು ಏರಿತೆಂದರೆ, ಯುರೋಪ್ ಕೊಟ್ಟಷ್ಟು ಹಣ ಕೊಡಲಾಗದೆ ನಮ್ಮಂಥ ದೇಶಗಳು ಖರೀದಿ ಕಡಿತ ಮಾಡಬೇಕಾಯಿತು. ದೇಶದ ಅನಿಲ ವಿದ್ಯುತ್ ಸ್ಥಾವರಗಳಲ್ಲಿ ಹೆಚ್ಚಿನವು ವರ್ಷದ ಬಹುಪಾಲು ಸುಮ್ಮನೆ ನಿಂತಿರಲು ಈ ಬೆಲೆಯೇ ದೊಡ್ಡ ಕಾರಣ.

ನ್ಯೂಯಾರ್ಕ್ ನಮಗಿಂತ ಮುಂದೆ ನಡೆದ ದಾರಿ

ದೊಡ್ಡ ಕಟ್ಟಡಗಳ ಇಂಗಾಲಕ್ಕೆ ಕಡಿವಾಣ ಹಾಕಲು ಹೊರಟ ನಗರಗಳಲ್ಲಿ ನ್ಯೂಯಾರ್ಕ್ ಮುಖ್ಯವಾದದ್ದು. ಅಲ್ಲಿ ಚಳಿ, ಕಟ್ಟಡ ಬಿಸಿ ಮಾಡಬೇಕು. ಹಿಂದೆ ಸಾವಿರಾರು ಕಟ್ಟಡಗಳು ಡಾಂಬರಿನಂಥ ದಪ್ಪ ಎಣ್ಣೆ ಸುಡುತ್ತಿದ್ದವು. 2011ರಲ್ಲಿ ನಗರಾಡಳಿತ ಅದನ್ನು ಹಂತ ಹಂತವಾಗಿ ನಿಲ್ಲಿಸುವ ನಿಯಮ ತಂದಿತು. ಬಹಳಷ್ಟು ಕಟ್ಟಡಗಳು ಅನಿಲಕ್ಕೆ ಬದಲಾದವು. ಗಾಳಿಯಲ್ಲಿನ ಗಂಧಕ ಇಳಿಯಿತು. ಎಲ್ಲರಿಗೂ ಖುಷಿ.

ಹತ್ತು ವರ್ಷವೂ ಆಗಿರಲಿಲ್ಲ. 2019ರಲ್ಲಿ ಅದೇ ನಗರ 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಿಗೆ ಇಂಗಾಲದ ಮಿತಿ ವಿಧಿಸುವ ಕಾನೂನು ಮಾಡಿತು. ಮಿತಿ 2024ರಿಂದ ಜಾರಿ, 2030ರಿಂದ ಇನ್ನಷ್ಟು ಬಿಗಿ, ಮೀರಿದರೆ ದಂಡ. 2021ರಲ್ಲಿ ಹೊಸ ಕಟ್ಟಡಗಳಲ್ಲಿ ಅನಿಲ ಉರಿಸುವುದನ್ನೇ ಹಂತ ಹಂತವಾಗಿ ನಿಲ್ಲಿಸುವ ಕಾನೂನೂ ಬಂತು. ನಿನ್ನೆಯ ಪರಿಹಾರ ಇವತ್ತಿನ ಸಮಸ್ಯೆಯಾಯಿತು. ಆಗಷ್ಟೇ ಲಕ್ಷಾಂತರ ಡಾಲರ್ ಕೊಟ್ಟು ಹೊಸ ಅನಿಲ ಬಾಯ್ಲರ್ ಕೂರಿಸಿದ ಮಾಲೀಕರು ತಲೆಯ ಮೇಲೆ ಕೈ ಹೊತ್ತರು.

ಅವರು ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ದಪ್ಪ ಎಣ್ಣೆ ಬಿಟ್ಟದ್ದು ಸರಿಯೇ. ಪಾಠ ಬೇರೆ ಇದೆ: ಅನಿಲ ಹೊಳೆ ದಾಟುವ ಸೇತುವೆ. ಸೇತುವೆಯ ಮೇಲೆ ಮನೆ ಕಟ್ಟಬಾರದು. ಕೊಳವೆ, ಬಾಯ್ಲರ್, ಎಂಜಿನ್ ಇವೆಲ್ಲ ಇಪ್ಪತ್ತು, ಮೂವತ್ತು ವರ್ಷ ಬಾಳುವ ವಸ್ತುಗಳು. ಹಾಕುವ ದಿನವೇ ತೆಗೆಯುವ ದಿನವನ್ನೂ ಯೋಚಿಸಬೇಕು. ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿ, 2050ಕ್ಕೆ ಇಂಗಾಲ ತಟಸ್ಥ ನಗರವಾಗುವ ಗುರಿ ಇಟ್ಟುಕೊಂಡಿದೆ. ಇವತ್ತು ಹಾಕಿದ ಅನಿಲದ ಯಂತ್ರ ಬಹುತೇಕ ಆ ವರ್ಷದವರೆಗೂ ಬದುಕಿರುತ್ತದೆ.

ಮೊದಲ ಪ್ರಶ್ನೆ

ಈಗ ಆಗ ಬಿಟ್ಟ ಪ್ರಶ್ನೆಗೆ ಬರೋಣ. 'ಯಾವ ಇಂಧನ?' ಎಂದು ಕೇಳುವ ಮೊದಲು 'ಇಷ್ಟು ಯಾಕೆ ಬೇಕು?' ಎಂದು ಕೇಳಬೇಕು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಡಿಗ್ರಿ ಆಗುವಾಗ ಅಲ್ಲಿ 34, 35 ಆದರೆ ಸುದ್ದಿಯಾಗುತ್ತದೆ. ಅಂಥ ಊರಿನಲ್ಲಿ ನಾಲ್ಕೂ ದಿಕ್ಕಿಗೆ ಗಾಜು ಹಚ್ಚಿ, ಬಿಸಿಲನ್ನು ಒಳಗೆ ಕರೆದು, ಆಮೇಲೆ ಅದನ್ನು ಹೊರಗೆ ಹಾಕಲು ಯಂತ್ರ ಇಡುತ್ತೇವೆ. ಗುಳೆ ಹೋಗಿ ಬಂದ ನಮ್ಮೂರಿನ ಹಿರಿಯರೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ಗಾಜು ಹಚ್ಚೂಮಟ ಒಳಗ ಛಲೋ ಗಾಳಿ ಬರ್ತಿತ್ತಪ್ಪ. ಗಾಜು ಹಚ್ಚಿದ ಮ್ಯಾಲ ಹಂಚಿನ್ಯಾಗ ನಿಂತಂಗ ಆಗ್ತಿತ್ತು. ಆಮ್ಯಾಲ ಎಸಿ ಹಚ್ಚಿದ್ರು, ನಮ್ಮನ್ನ ಹೊರಗ ಕಳಿಸಿದ್ರು."

ಸಗರದ ಹಳೆಯ ಮಾಳಿಗೆ ಮನೆಗಳನ್ನು ನೋಡಿ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ಬೆಳಕಿಗೊಂದು ಕಿಂಡಿ. ಮಧ್ಯಾಹ್ನದ ಬಿಸಿಲು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹತ್ತು ಮಹಡಿಯ ಕಚೇರಿಯನ್ನು ಮಣ್ಣಿನಲ್ಲಿ ಕಟ್ಟಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಮನೆಯ ತರ್ಕ ಹಳೆಯದಲ್ಲ. ಬಿಸಿಲನ್ನು ಹೊರಗೇ ತಡೆ, ಆಮೇಲೆ ತಂಪಿನ ಮಾತಾಡು. ಇವತ್ತಿನ ಎಂಜಿನಿಯರಿಂಗ್ ಪಠ್ಯವೂ ಅದನ್ನೇ ಹೇಳುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಪಕ್ಕದ ಹೈದರಾಬಾದಿನಲ್ಲಿದೆ. ಇನ್ಫೊಸಿಸ್ ತನ್ನ ಪೋಚಾರಂ ಕ್ಯಾಂಪಸ್‌ನಲ್ಲಿ ಒಂದು ಕಟ್ಟಡವನ್ನು ಎರಡು ಸಮ ಭಾಗ ಮಾಡಿ ಪ್ರಯೋಗ ನಡೆಸಿತು. ಒಂದು ಅರ್ಧಕ್ಕೆ ಸಾಮಾನ್ಯ ಹವಾನಿಯಂತ್ರಣ. ಇನ್ನೊಂದು ಅರ್ಧದ ಛಾವಣಿಯ ಕಾಂಕ್ರೀಟಿನೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸುವ ವ್ಯವಸ್ಥೆ. ಎರಡಕ್ಕೂ ಬೇರೆ ಬೇರೆ ಮೀಟರ್. ತಣ್ಣೀರಿನ ಅರ್ಧ ತಂಪಿಗಾಗಿ ಬಳಸಿದ ವಿದ್ಯುತ್ ಮೂರನೇ ಒಂದು ಭಾಗದಷ್ಟು ಕಡಿಮೆ. ಒಳ್ಳೆಯ ಗಾಜು, ಬಿಸಿಲಿಗೆ ಮರೆ, ಸರಿಯಾದ ದಿಕ್ಕು ಇವು ಎರಡೂ ಭಾಗಕ್ಕೆ ಮೊದಲೇ ಇದ್ದವು.

ಖರ್ಚಿಲ್ಲದ ದಾರಿಯೂ ಇದೆ. ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೊ. 2020ರಿಂದ ಮಾರಾಟವಾಗುವ ಮನೆ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮವೂ ಇದೆ. ನಾನಿದ್ದ ಕಟ್ಟಡದಲ್ಲಿ 21ರಿಂದ 24ಕ್ಕೆ ಹೋಗಿದ್ದರೆ ಸ್ವೆಟರ್‌ಗಳೂ ಉಳಿಯುತ್ತಿದ್ದವು.

ಮತ್ತೆ ನಮ್ಮ 10,000 ಯೂನಿಟ್ ಕಟ್ಟಡಕ್ಕೆ ಬನ್ನಿ. ಮೂರನೇ ಒಂದು ಭಾಗ ಬೇಡಿಕೆ ಇಳಿಸಿದರೆ ಉಳಿಯುವುದು ಸುಮಾರು 6,700 ಯೂನಿಟ್. ಕಲ್ಲಿದ್ದಲಿನಲ್ಲೇ ಉಳಿದರೂ ದಿನಕ್ಕೆ ಮೂರು ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ. ಸೋರಿಕೆಯ ಭಯವಿಲ್ಲ, ಹಡಗಿಗೆ ಕಾಯಬೇಕಿಲ್ಲ, ಯಾವ ಯುದ್ಧವೂ ಇದರ ಬೆಲೆ ಏರಿಸಲಾರದು. ಉಳಿದದ್ದರಲ್ಲಿ ಹಗಲಿನ ಪಾಲು ಸೌರ ವಿದ್ಯುತ್ತಿಗೆ. ಸಂಜೆಯ ಕೊರತೆಗೆ, ಜನರೇಟರ್‌ಗೆ, ಆಸ್ಪತ್ರೆಗೆ ಅನಿಲ. ಅದೂ ಬ್ಯಾಟರಿ ಅಗ್ಗವಾಗುವವರೆಗೆ. ಅನಿಲದ ಸರಿಯಾದ ಜಾಗ ಈ ಸಾಲಿನ ಕೊನೆಯಲ್ಲಿ ಎಂಬುದು ನನ್ನ ವಾದ. ಆದರೆ ನಾವು ಅದನ್ನು ಮೊದಲಿಗೆ ನಿಲ್ಲಿಸಿ ಫಲಕ ತೂಗುಹಾಕುತ್ತಿದ್ದೇವೆ.

ನಮಗೇನು ಕೆಲಸ?

ಈ ಪುಟ ಓದುವ ಹೆಚ್ಚಿನವರು ನನ್ನ ಹಾಗೆ ಓದು ಮುಗಿಸಿ ಕೆಲಸ ಹುಡುಕುವವರು. ಒಂದು ವಿಷಯ ಗಮನಿಸಿ. ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಬಂತು. ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂಹಿತೆ 2007ರಲ್ಲಿ ಬಂದು, 2017ರಲ್ಲಿ ಪರಿಷ್ಕರಣೆಯಾಯಿತು. 100 ಕಿಲೋವಾಟ್‌ಗೂ ಮೇಲ್ಪಟ್ಟ ಸಂಪರ್ಕ ಇರುವ ಹೊಸ ಕಟ್ಟಡಗಳಿಗಾಗಿ ಮಾಡಿದ್ದು ಅದು. 2022ರ ತಿದ್ದುಪಡಿ ದೊಡ್ಡ ವಸತಿ ಕಟ್ಟಡಗಳನ್ನೂ ಇದರೊಳಗೆ ತರಲು ದಾರಿ ಮಾಡಿದೆ. ಕಾನೂನು ಕಾಗದದಿಂದ ಕಟ್ಟಡಕ್ಕೆ ಇಳಿಯಬೇಕಾದರೆ ಮೀಟರ್ ಓದುವವರು, ಅಳೆಯುವವರು, ಪ್ರಶ್ನೆ ಕೇಳುವವರು ಬೇಕು. ಇಂಧನ ದಕ್ಷತಾ ಬ್ಯೂರೊ ಎನರ್ಜಿ ಮ್ಯಾನೇಜರ್ ಮತ್ತು ಎನರ್ಜಿ ಆಡಿಟರ್‌ಗಳಿಗಾಗಿ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆ ನಡೆಸುತ್ತದೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂದರೆ ಈಗ ಕೆಲಸ ಎಲ್ಲಿ ಎಂದು ಮೂಗು ಮುರಿಯುವವರು ಇದನ್ನೊಮ್ಮೆ ನೋಡಬಹುದು. ಅನಿಲದ ಕೊಳವೆಯಲ್ಲಿ ಸೋರಿಕೆ ಪತ್ತೆ ಮಾಡುವುದೂ ಒಂದು ಕೆಲಸವೇ.

ಅಷ್ಟು ದೂರವೂ ಬೇಡ. ನಿಮ್ಮ ಕಾಲೇಜಿನ ಒಂದು ತಿಂಗಳ ವಿದ್ಯುತ್ ಬಿಲ್ ಕೇಳಿ ಪಡೆಯಿರಿ. ಯಾವ ಕೋಣೆಯಲ್ಲಿ ಎಷ್ಟು ದೀಪ, ಎಷ್ಟು ಹೊತ್ತು, ಬಿಸಿಲು ಯಾವ ಕಿಟಕಿಯಿಂದ ಎಂದು ಬರೆದುಕೊಳ್ಳಿ. ಎಂಜಿನಿಯರಿಂಗ್ ಶುರುವಾಗುವುದೇ ಅಲ್ಲಿಂದ.

ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಬರುವಾಗ ರೈಲಿನಲ್ಲಿ ಎದುರು ಸೀಟಿನಲ್ಲಿ ಸುರಪುರ ಕಡೆಯ ಒಂದು ಕುಟುಂಬ ಇತ್ತು. ರಾಯಚೂರು ದಾಟಿ ಚಿಮಣಿಗಳು ಕಂಡಾಗ ಅವರ ಪುಟ್ಟ ಹುಡುಗ ಕಿಟಕಿಗೆ ಮುಖ ಒತ್ತಿ, "ಅಪ್ಪಾ, ಅದು ಯಾರ ಹೊಗಿ?" ಎಂದ. "ಕರೆಂಟ್ ಮಾಡ್ತಾರಲ್ಲಿ," ಎಂದರು ಅವನಪ್ಪ. "ಯಾರಿಗಿ?" ಎಂದ ಹುಡುಗ. ಅವರು ಉತ್ತರ ಕೊಡುವಷ್ಟರಲ್ಲಿ ಸೇತುವೆಯ ಸದ್ದು ಶುರುವಾಯಿತು.